ವಸಡಿಗೆ ಟ್ರೀಟ್‌ಮೆಂಟ್ ಆಯ್ತು. ಇಪ್ಪತ್ತು ವರ್ಷ ಆದ್ಮೇಲೆ ಹಲ್ಲು ಎಷ್ಟು ಉಳಿದಿರುತ್ತೆ?

ಮಾಲೂರಿಂದ ಬೆಂಗಳೂರಿಗೆ ಟ್ರೈನಲ್ಲಿ ನಿಂತ್ಕೊಂಡೇ ಇದನ್ನ ಕೇಳ್ತಾ ಇರೋರಿಗೆ, ನರಸಾಪುರ, ವೇಮಗಲ್ ಕಡೆ ಶಿಫ್ಟ್ ಮುಗಿಸಿ ಕಂಪನಿ ಬಸ್ಸಲ್ಲಿ ತೂಕಡಿಸ್ತಾ ಇರೋರಿಗೆ, ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಹಲ್ಲು. ನಿಮ್ಮ ಹಲ್ಲಿಗಿಂತ ಹೆಚ್ಚಾಗಿ ನಿಮ್ಮ ಅಪ್ಪ ಅಮ್ಮನ ಹಲ್ಲು.

ಮನೇಲಿ ಯಾರಿಗೋ ವಸಡಿನ ಕಾಯಿಲೆ ಜೋರಾಗಿತ್ತು ಅಂತ ಇಟ್ಕೊಳ್ಳಿ. ಉಜ್ಜಿದ್ರೆ ರಕ್ತ, ಬಾಯಿ ವಾಸನೆ, ಎರಡು ಮೂರು ಹಲ್ಲು ಅಲ್ಲಾಡ್ತಾ ಇತ್ತು. ಹಠ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋದ್ರಿ. ನಾಲ್ಕೈದು ಸಲ ಓಡಾಡಿ ಕ್ಲೀನಿಂಗ್ ಆಯ್ತು, ಬೇಕಾದ ಕಡೆ ವಸಡು ಬಿಡಿಸಿ ಸರ್ಜರಿನೂ ಆಯ್ತು. ರಕ್ತ ನಿಂತಿತು. ಡಾಕ್ಟರು "ಈಗ ಪರವಾಗಿಲ್ಲ" ಅಂದ್ರು. ಇಲ್ಲಿಗೆ ಕಥೆ ಮುಗೀತು ಅಂತ ಎಲ್ಲರೂ ಅಂದ್ಕೋತಾರೆ. ನನ್ನ ಪ್ರಕಾರ ಕಥೆ ಶುರುವಾಗೋದೇ ಅಲ್ಲಿಂದ. ಆ ಬಾಯಲ್ಲಿ ಹತ್ತು ವರ್ಷಕ್ಕೆ, ಇಪ್ಪತ್ತು ವರ್ಷಕ್ಕೆ ಎಷ್ಟು ಹಲ್ಲು ಉಳಿದಿರುತ್ತೆ? ಇದನ್ನ ದಶಕಗಳ ಕಾಲ ಎಣಿಸಿ ನೋಡಿದವರಿದ್ದಾರೆ. ಅವರ ಲೆಕ್ಕ ಬೇಜಾರು ಮಾಡೋ ಥರ ಇಲ್ಲ, ಆದ್ರೆ ಅದರಲ್ಲೊಂದು ಷರತ್ತಿದೆ.

ಲೆಕ್ಕಕ್ಕೆ ಬರೋ ಮುಂಚೆ ನಮ್ಮ ಕಡೆಯ ಒಂದು ವಿಶೇಷ ಹೇಳ್ಬಿಡ್ತೀನಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಎಲ್ಲೇ ಹೋದ್ರೂ ನಮ್ಮ ಊಟ ಮುದ್ದೆ. ಮುದ್ದೆನ ಯಾರೂ ಅಗಿಯೋದಿಲ್ಲ, ಸಾರಲ್ಲಿ ಅದ್ದಿ ನುಂಗ್ತೀವಿ. ಅಗಿದು ತಿನ್ನೋರನ್ನ ಕಂಡ್ರೆ ಮನೇಲಿ ನಗ್ತಾರೆ. ಇದರಿಂದ ಆಗೋದೇನು ಅಂದ್ರೆ, ದವಡೆ ಹಲ್ಲು ಸಡಿಲ ಆಗಿ ಐದಾರು ವರ್ಷ ಆದ್ರೂ ಊಟಕ್ಕೆ ತೊಂದರೆ ಅನ್ಸೋದೇ ಇಲ್ಲ. ರೊಟ್ಟಿ ತಿನ್ನೋ ಊರಾಗಿದ್ರೆ ಬೇಗ ಗೊತ್ತಾಗ್ತಿತ್ತು. ನಮ್ಮಲ್ಲಿ ಗೊತ್ತಾಗೋದು ಸಂಕ್ರಾಂತಿ ದಿನ, ಕಬ್ಬು ಕೈಗೆ ಬಂದಾಗ. "ನನಗೆ ಬೇಡಪ್ಪ, ನೀವು ತಿನ್ನಿ" ಅಂತ ಅಪ್ಪ ಪಕ್ಕಕ್ಕಿಟ್ರೆ ಅದು ತ್ಯಾಗ ಅಂದ್ಕೋಬೇಡಿ, ಬಾಯಿ ತೆಗೆಸಿ ನೋಡಿ.

ಕಾಯಿಲೆ ಏನು ಅಂತ ಚಿಕ್ಕದಾಗಿ ಹೇಳ್ತೀನಿ. ಟೊಮೆಟೊ ತೋಟದಲ್ಲಿ ಸಾಲಿಗೆ ಗೂಟ ನೆಟ್ಟಿರ್ತಾರಲ್ಲ, ಹಲ್ಲೂ ಹಾಗೆ. ಮೇಲೆ ಕಾಣೋದು ಸ್ವಲ್ಪ, ಒಳಗೆ ಮೂಳೆಯಲ್ಲಿ ಹೂತಿರೋದು ಜಾಸ್ತಿ. ಹಲ್ಲಿಗೂ ವಸಡಿಗೂ ಮಧ್ಯೆ ಒಂದು ಸಣ್ಣ ಸಂದಿ ಇರುತ್ತೆ. ಆರೋಗ್ಯವಾಗಿದ್ರೆ ಅದರ ಆಳ ಒಂದರಿಂದ ಮೂರು ಮಿಲಿಮೀಟರ್. ಅಲ್ಲಿ ಪಾಚಿ ಕಟ್ಟಿ, ಅದು ಗಟ್ಟಿಯಾಗಿ ಗಾರೆ ಥರ ಆಗಿ, ಒಳಗೆ ಊತ ಬಂದ್ರೆ ಸಂದಿ ಆಳ ಆಗ್ತಾ ಹೋಗುತ್ತೆ. ನಾಲ್ಕು, ಆರು, ಎಂಟು ಮಿಲಿಮೀಟರ್. ಜೊತೆಗೆ ಮೂಳೆ ಕರಗುತ್ತೆ. ಮಳೆಗೆ ಗೂಟದ ಬುಡದ ಮಣ್ಣು ಕೊಚ್ಚಿಕೊಂಡು ಹೋದ ಹಾಗೆ. ಗೂಟ ಗಟ್ಟಿಯಾಗೇ ಇದೆ, ಹುಳ ಹಿಡಿದಿಲ್ಲ. ಬುಡದಲ್ಲಿ ಮಣ್ಣಿಲ್ಲ, ಅಷ್ಟೆ. ನೋವೂ ಇರೋದಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆ ಕೆಡಿಸುತ್ತೆ, ಡಾಕ್ಟರ ಹತ್ತಿರ ಓಡಿಸುತ್ತೆ. ವಸಡಿನ ಕಾಯಿಲೆ ಸದ್ದಿಲ್ಲದೆ ಕೆಲಸ ಮಾಡುತ್ತೆ. ಇದರ ಹೆಸರು ಪೆರಿಯೊಡಾಂಟೈಟಿಸ್. ಹಳಬರು ಪಯೋರಿಯಾ ಅಂತಿದ್ರು.

ಟ್ರೀಟ್‌ಮೆಂಟ್ ಅಂದ್ರೆ ಆ ಸಂದಿಯೊಳಗೆ, ಬೇರಿನ ಮೇಲೆ ಕೂತಿರೋ ಗಾರೆ ತೆಗೆಯೋದು. ಗಾರೆ ಹೋದ್ರೆ ಊತ ಇಳಿಯುತ್ತೆ, ವಸಡು ಬಿಗಿಯಾಗುತ್ತೆ. ಆದ್ರೆ ಹೋದ ಮಣ್ಣು ಬಹುತೇಕ ವಾಪಸ್ ಬರೋದಿಲ್ಲ. ಕೊಚ್ಚಿ ಹೋಗೋದು ನಿಲ್ಲುತ್ತೆ, ಗೆಲುವು ಅಂದ್ರೆ ಅಷ್ಟೆ. ಊತ ಇಳಿದ ಮೇಲೆ ವಸಡು ಕೆಳಗೆ ಸರಿಯೋದ್ರಿಂದ ಹಲ್ಲು ಉದ್ದ ಕಾಣುತ್ತೆ, ಮಧ್ಯೆ ಸಂದಿ ಕಾಣುತ್ತೆ, ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. "ಕ್ಲೀನ್ ಮಾಡಿಸಿದ್ರೆ ಹಲ್ಲು ಲೂಸ್ ಆಗುತ್ತೆ" ಅನ್ನೋ ಮಾತು ನಮ್ಮೂರಲ್ಲಿ ಹುಟ್ಟಿದ್ದೇ ಇಲ್ಲಿಂದ. ನೋಡಿದ್ದು ಸುಳ್ಳಲ್ಲ, ಅರ್ಥ ಮಾಡ್ಕೊಂಡಿದ್ದು ತಪ್ಪು. ಅಲ್ಲಾಡೋ ಹಲ್ಲುಗಳನ್ನ ಗಾರೆ ಒಂದಕ್ಕೊಂದು ಅಂಟಿಸಿ ಇಟ್ಟಿತ್ತು, ಸಂದಿನೂ ಅದೇ ಮುಚ್ಚಿತ್ತು. ತೆಗೆದಾಗ ಒಳಗಿನ ನಿಜ ಹೊರಗೆ ಬಂತು. ಈ ಒಂದು ತಪ್ಪು ತಿಳುವಳಿಕೆಯಿಂದ ಎರಡನೇ ಸಲ ಡಾಕ್ಟರ ಹತ್ತಿರ ಹೋಗದೇ ಇರೋರು ಎಷ್ಟೋ ಜನ. ಈ ಎರಡನೇ ಸಲ, ಮೂರನೇ ಸಲ ಹೋಗೋದ್ರ ಮೇಲೇ ಇವತ್ತಿನ ಇಡೀ ಲೆಕ್ಕ ನಿಂತಿದೆ.

ಈಗ ಆ ಲೆಕ್ಕ. ಮೊದಲು, ಏನೂ ಮಾಡದೇ ಬಿಟ್ರೆ ಏನಾಗುತ್ತೆ? ಇದಕ್ಕೆ ಪ್ರಪಂಚದಲ್ಲೇ ಹೆಸರಾದ ಅಧ್ಯಯನ ನಡೆದದ್ದು ನಮ್ಮ ಪಕ್ಕದ ಶ್ರೀಲಂಕಾದಲ್ಲಿ. 1970ರಲ್ಲಿ ಶುರುವಾಗಿ 15 ವರ್ಷ ನಡೀತು. ಟೀ ಎಸ್ಟೇಟಿನ 480 ಗಂಡಸರು, ಕೂಲಿ ಕೆಲಸದವರು. ಬ್ರಷ್ ಇಲ್ಲ, ದಂತ ವೈದ್ಯರಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಗಾರೆ, ವಸಡಲ್ಲಿ ಊತ. ಹಾಗಿದ್ರೆ ಎಲ್ಲರ ಹಲ್ಲೂ ಒಂದೇ ಥರ ಹೋಗಿರಬೇಕಲ್ವಾ? ಇಲ್ಲ. ನೂರಕ್ಕೆ 11 ಜನಕ್ಕೆ ವಸಡಿನ ಊತ ಬಿಟ್ರೆ ಮುಂದಕ್ಕೇನೂ ಆಗಲಿಲ್ಲ. 81 ಜನಕ್ಕೆ ನಿಧಾನವಾಗಿ ಹೆಚ್ಚಿತು. ಉಳಿದ 8 ಜನಕ್ಕೆ ಕಾಡ್ಗಿಚ್ಚು. ಆ ಗುಂಪಿನವರಿಗೆ 35ರ ಹೊತ್ತಿಗೆ ಸರಾಸರಿ 12 ಹಲ್ಲು ಹೋಗಿತ್ತು, 45ಕ್ಕೆ ಒಂದೂ ಉಳಿದಿರಲಿಲ್ಲ.

ಈ ಎಂಟು ಜನದ ಲೆಕ್ಕ ನೆನಪಲ್ಲಿರಲಿ. "ನಮ್ಮ ತಾತ ಜೀವಮಾನದಲ್ಲಿ ಬ್ರಷ್ ಮುಟ್ಟಿಲ್ಲ, ಬೇವಿನಕಡ್ಡಿ, ಇದ್ದಿಲು, ಇಟ್ಟಿಗೆ ಪುಡಿ ಅಷ್ಟೇ, ಎಂಬತ್ತಕ್ಕೂ ಹಲ್ಲು ಗಟ್ಟಿ" ಅಂತ ಯಾರಾದ್ರೂ ಹೇಳಿದ್ರೆ ಅದು ನಿಜ ಇರಬಹುದು. ತಾತ ಆ ಹನ್ನೊಂದು ಜನದಲ್ಲಿ ಒಬ್ಬರು. ನೀವು ಯಾವ ಗುಂಪು ಅಂತ ತಾತನ ಹಲ್ಲು ನೋಡಿ ಹೇಳೋಕಾಗಲ್ಲ. (ಅಂದಹಾಗೆ, ಮಾಲೂರಲ್ಲಿ ಇಟ್ಟಿಗೆಗೆ ಬರ ಇಲ್ಲ, ಆದ್ರೂ ಇಟ್ಟಿಗೆ ಪುಡಿ ಬೇಡ. ಅದು ಹಲ್ಲಿನ ಬುಡ ಸವೆಸುತ್ತೆ, ಸಂದಿಯೊಳಗಂತೂ ಹೋಗೋದೇ ಇಲ್ಲ.)

ಎರಡನೇ ಅಧ್ಯಯನ ಅಮೆರಿಕದ್ದು. ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಅನ್ನೋ ಇಬ್ಬರು 1978ರಲ್ಲಿ ಪ್ರಕಟಿಸಿದ್ದು. ವಸಡಿಗೆ ಟ್ರೀಟ್‌ಮೆಂಟ್ ಆಗಿ, ಆಮೇಲೂ ತಪ್ಪದೆ ಬರ್ತಾ ಇದ್ದ 600 ಜನರನ್ನ ಸರಾಸರಿ 22 ವರ್ಷ ಆದ್ಮೇಲೆ ಮತ್ತೆ ನೋಡಿದ್ರು. ಕೆಲವರಿಗೆ 50 ವರ್ಷ ದಾಟಿತ್ತು. 300 ಜನ, ಅಂದ್ರೆ ಸರಿಯಾಗಿ ಅರ್ಧ, ವಸಡಿನ ಕಾಯಿಲೆಯಿಂದ ಒಂದು ಹಲ್ಲನ್ನೂ ಕಳ್ಕೊಂಡಿರಲಿಲ್ಲ. 199 ಜನ ಒಂದರಿಂದ ಮೂರು. 76 ಜನ ನಾಲ್ಕರಿಂದ ಒಂಬತ್ತು. ಕೊನೆಯ 25 ಜನ ಹತ್ತರಿಂದ ಇಪ್ಪತ್ತಮೂರು.

ಇದರಲ್ಲಿ ನನಗೆ ತುಂಬಾ ಇಷ್ಟ ಆದ ಅಂಕಿ ಇನ್ನೊಂದಿದೆ. "ಈ ಹಲ್ಲು ಉಳಿಯೋದು ಡೌಟು" ಅಂತ ಡಾಕ್ಟರುಗಳೇ ಮೊದಲೇ ಗುರುತು ಹಾಕಿಟ್ಟಿದ್ದ ಹಲ್ಲು 2,139. ಅದರಲ್ಲಿ ಬಿದ್ದದ್ದು 666. ಅಂದ್ರೆ ಡೌಟು ಅಂದ ಮೂರು ಹಲ್ಲಲ್ಲಿ ಎರಡು ಉಳ್ಕೊಂಡವು! ಮತ್ತೆ ಆ 666ರಲ್ಲಿ 394 ಹೋಗಿದ್ದು ಆರರಲ್ಲಿ ಒಬ್ಬರ ಬಾಯಿಂದ, ಅಂದ್ರೆ ಆ ಕೊನೆಯ ಎರಡು ಗುಂಪಿನವರ ಬಾಯಿಂದ. ಅಲ್ಲಾಡ್ತಿದೆ ಅಂದ ತಕ್ಷಣ "ಕೀಳಿಸಿ ಬಿಸಾಕೋಣ" ಅನ್ನೋದು ಸರಿಯಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಟ್ರೀಟ್‌ಮೆಂಟ್ ಆಗಿ ಕೆಲವು ತಿಂಗಳು ಕಾದು ನೋಡಿ ತೀರ್ಮಾನ ಮಾಡಬಹುದು. ಇದ್ದಿದ್ರಲ್ಲಿ ಬೇಗ ಸೋಲೋದು ದವಡೆ ಹಲ್ಲು. ಅದಕ್ಕೆ ಎರಡು ಮೂರು ಬೇರು. ಬೇರು ಕವಲೊಡೆಯೋ ಜಾಗದ ತನಕ ಮೂಳೆ ಕರಗಿದ್ರೆ ಅಲ್ಲಿಗೆ ಬ್ರಷ್ಷೂ ಹೋಗಲ್ಲ, ಡಾಕ್ಟರ ಸಾಧನನೂ ಸರಿಯಾಗಿ ಹೋಗಲ್ಲ.

ಷರತ್ತಿದೆ ಅಂದೆನಲ್ಲ, ಅದೇನು ಅಂತ ಈಗ ಹೇಳ್ತೀನಿ. ಅದೇ ಅಮೆರಿಕದಲ್ಲಿ ಬೆಕರ್ ಅನ್ನೋರ ತಂಡ 1979ರಿಂದ 84ರ ಮಧ್ಯೆ ಮೂರು ಗುಂಪು ಹೋಲಿಸಿತು. ಗುಂಪುಗಳು ಚಿಕ್ಕವು, ಆದ್ರೂ ದಿಕ್ಕು ಸ್ಪಷ್ಟ. ಟ್ರೀಟ್‌ಮೆಂಟೇ ಮಾಡಿಸದವರು ವರ್ಷಕ್ಕೆ ಸರಾಸರಿ 0.36 ಹಲ್ಲು ಕಳ್ಕೊಂಡ್ರು. ಟ್ರೀಟ್‌ಮೆಂಟ್ ಮಾಡಿಸಿ ಆಮೇಲೆ ತಲೆ ಹಾಕದೇ ಇದ್ದವರು 0.22. ಮಾಡಿಸಿ, ತಪ್ಪದೆ ಬರ್ತಾ ಇದ್ದವರು 0.11. ಹತ್ತು ವರ್ಷಕ್ಕೆ ಲೆಕ್ಕ ಹಾಕಿದ್ರೆ ಮೂರೂವರೆ ಹಲ್ಲು, ಎರಡು ಚಿಲ್ಲರೆ, ಒಂದು. ಸರ್ಜರಿ ಎರಡು ಗುಂಪಿಗೂ ಆಗಿತ್ತು. ದುಡ್ಡೂ, ನೋವೂ, ಹೆದರಿಕೆನೂ ಒಂದೇ. ವ್ಯತ್ಯಾಸ ಮಾಡಿದ್ದು ಆಮೇಲಿನ ಓಡಾಟ.

ಯಾಕೆ ಹಾಗೆ? ಎಷ್ಟೇ ಚೆನ್ನಾಗಿ ಕ್ಲೀನ್ ಮಾಡಿದ್ರೂ ಆಳವಾದ ಸಂದಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಎರಡು ಮೂರು ತಿಂಗಳಲ್ಲಿ ಮತ್ತೆ ಬಂದು ಸೇರ್ಕೊಳ್ಳುತ್ತೆ. ನಾವು ಕೆರೆಗಳ ಜಿಲ್ಲೆಯವರು, ಹೂಳಿನ ವಿಷಯ ನಮಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಸಲ ಹೂಳೆತ್ತಿ ಫೋಟೋ ತೆಗೆಸ್ಕೊಂಡು ಬಿಟ್ರೆ ಕೆರೆ ತುಂಬಿರೋದಿಲ್ಲ. ಅದಕ್ಕೇ ಜೋರಾದ ಕಾಯಿಲೆ ಇದ್ದವರಿಗೆ ಮೊದಲ ವರ್ಷಗಳಲ್ಲಿ ಮೂರು ಅಥವಾ ನಾಲ್ಕು ತಿಂಗಳಿಗೊಮ್ಮೆ ಬನ್ನಿ ಅನ್ನೋದು. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಅನ್ನೋ ಊರಲ್ಲಿ ಆಕ್ಸೆಲ್ಸನ್ ಮತ್ತು ಸಂಗಡಿಗರು 30 ವರ್ಷ ಇದೇ ಥರ ಜನರನ್ನ ಕರೆಸಿ, ಉಜ್ಜೋದು ಕಲಿಸಿ, ಕ್ಲೀನ್ ಮಾಡಿ ನೋಡಿದ್ರು. 2004ರಲ್ಲಿ ಲೆಕ್ಕ ಕೊಟ್ರು: 30 ವರ್ಷದಲ್ಲಿ ಒಬ್ಬರಿಗೆ ಸರಾಸರಿ ಹೋಗಿದ್ದು ಎರಡು ಹಲ್ಲಿಗಿಂತ ಕಡಿಮೆ. ಅವರೆಲ್ಲ ಜೋರಾದ ಕಾಯಿಲೆಯವರಲ್ಲ, ಸಾಮಾನ್ಯ ಜನ, ಅದನ್ನೂ ಹೇಳಬೇಕು. ಆದ್ರೂ ಮೂವತ್ತು ವರ್ಷ ಅಂದ್ರೆ ಚಿಕ್ಕದಲ್ಲ.

ಹಾಗಿದ್ರೆ ತಪ್ಪದೆ ಬಂದ್ರೂ ಸೋತ ಆ ಆರರಲ್ಲೊಬ್ಬರು ಯಾರು? ಸ್ವಲ್ಪ ಮಟ್ಟಿಗೆ ದೇಹದ ಗುಣ, ಅದು ನಮ್ಮ ಕೈಲಿಲ್ಲ. ಕೈಲಿರೋದು ಎರಡು: ತಂಬಾಕು ಮತ್ತು ಶುಗರ್.

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ದಾಟಿದ ನೂರು ಜನರಲ್ಲಿ ಸುಮಾರು 23 ಜನ ಒಂದಲ್ಲ ಒಂದು ಥರ ತಂಬಾಕು ಬಳಸ್ತಾರೆ. ಅದರಲ್ಲಿ ಹೊಗೆ ಇಲ್ಲದ ತಂಬಾಕೇ ಜಾಸ್ತಿ, ನೂರಕ್ಕೆ ಸುಮಾರು 16. ನಮ್ಮಲ್ಲಿ ಅದು ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ. ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಕೆನ್ನೆಯ ಮೂಲೆಯಲ್ಲಿ ಇಟ್ಕೊಂಡ ಜಾಗದಲ್ಲಿ ವಸಡು ಬೇರು ಬಿಟ್ಟು ಕೆಳಗಿಳಿಯುತ್ತೆ. ಬೀಡಿ, ಸಿಗರೇಟಿನದ್ದು ಇನ್ನೊಂದು ಮೋಸ. ಸೇದೋರಿಗೆ ವಸಡಲ್ಲಿ ರಕ್ತ ಕಡಿಮೆ ಬರುತ್ತೆ. ಉಜ್ಜಿದಾಗ ರಕ್ತ ಕಾಣಲ್ಲ, ಹಾಗಾಗಿ ಎಲ್ಲ ಸರಿಯಿದೆ ಅನ್ಸುತ್ತೆ. ಒಳಗೆ ಮೂಳೆ ಬೇರೆಯವರಿಗಿಂತ ಬೇಗ ಕರಗ್ತಾ ಇರುತ್ತೆ, ಟ್ರೀಟ್‌ಮೆಂಟ್ ಆದ್ಮೇಲೂ ವಸಡು ಅಷ್ಟು ಚೆನ್ನಾಗಿ ಮಾಯೋದಿಲ್ಲ. ಸರ್ಜರಿಗೆ ದುಡ್ಡು ಕೊಟ್ಟು ಹೊರಗೆ ಬಂದು ಬೀಡಿ ಹಚ್ಚೋದು, ಬೋರ್‌ವೆಲ್ ಕೊರೆಸಿ ಅದಕ್ಕೇ ಮಣ್ಣು ಹಾಕಿದ ಹಾಗೆ.

ಶುಗರ್ ಮತ್ತು ವಸಡಿನದ್ದು ಕೊಡು-ಕೊಳ್ಳೋ ಸಂಬಂಧ. ಶುಗರ್ ಹತೋಟಿ ತಪ್ಪಿದ್ರೆ ವಸಡು ಬೇಗ ಹಾಳಾಗುತ್ತೆ. ವಸಡಿಗೆ ಟ್ರೀಟ್‌ಮೆಂಟ್ ಆದ್ರೆ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಕೂಡ ಸುಮಾರು 0.4ರಷ್ಟು ಇಳಿಯುತ್ತೆ ಅಂತ ಹಲವು ಪ್ರಯೋಗಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ ಕಂಡಿದೆ. ಶುಗರ್ ಇರೋರು ಹಲ್ಲಿನ ಡಾಕ್ಟರಿಗೆ ಅದನ್ನ ಹೇಳಲೇಬೇಕು. ಬಹಳ ಜನ ಹೇಳಲ್ಲ. "ಹಲ್ಲಿಗೂ ಶುಗರ್‌ಗೂ ಏನ್ ಸಂಬಂಧ" ಅಂತ ಸುಮ್ಮನಿರ್ತಾರೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗೊಂದಲ ಇದೆ, ಫ್ಲೋರೈಡ್. ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಲ್ಲಿ ಹಳದಿ, ಕಂದು ಗೆರೆ ಇರುತ್ತೆ. ಅದು ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳೋವಾಗಲೇ ಒಳಗೆ ಕೂತ ಕಲೆ. ಎಷ್ಟು ಕ್ಲೀನ್ ಮಾಡಿಸಿದ್ರೂ ಹೋಗೋದಿಲ್ಲ. ಕ್ಲೀನ್ ಮಾಡಿಸಿದ್ರೂ ಹಲ್ಲು ಹಳದಿಯಾಗೇ ಇದೆ, ದುಡ್ಡು ದಂಡ ಅಂತ ಬೇಜಾರಾಗಿ ಮತ್ತೆ ಹೋಗೋದು ಬಿಡ್ತಾರೆ. ಕ್ಲೀನಿಂಗ್ ಇರೋದು ಬಣ್ಣಕ್ಕಲ್ಲ, ಬುಡಕ್ಕೆ. ಹಾಗಂತ ಫ್ಲೋರೋಸಿಸ್ ಇರೋರು ವಸಡಿನ ಬಗ್ಗೆ ನಿಶ್ಚಿಂತೆಯಾಗಿರೋ ಹಾಗೂ ಇಲ್ಲ. ಇದೇ ಸಮಸ್ಯೆ ಇರೋ ದಾವಣಗೆರೆ ಜಿಲ್ಲೆಯಲ್ಲಿ ಅಲ್ಲಿನ ದಂತ ವೈದ್ಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ಲೋರೋಸಿಸ್‌ಗೂ ವಸಡಿನ ಕಾಯಿಲೆಗೂ ನಂಟು ಕಂಡಿತ್ತು.

ಈಗ ಕಷ್ಟದ ಪ್ರಶ್ನೆ. ಮೂರು ತಿಂಗಳಿಗೊಮ್ಮೆ ಅಂದ್ರೆ ವರ್ಷಕ್ಕೆ ನಾಲ್ಕು ಸಲ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಸೀಸನ್ ಇದ್ದಾಗ ಯಾರು ಬಿಟ್ಟು ಬರ್ತಾರೆ? ಮುಳಬಾಗಿಲು ಕಡೆ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕೋ ಅಮ್ಮಂದಿರಿಗೆ ಅರ್ಧ ದಿನ ಎಲ್ಲಿಂದ ಬರುತ್ತೆ? ಸಿಟಿಯಲ್ಲಿ ಕೂತು "ತಪ್ಪದೆ ಫಾಲೋ-ಅಪ್ ಮಾಡಿ" ಅಂತ ಹೇಳೋದು ಸುಲಭ. ಹೊಟ್ಟೆಪಾಡಿನ ಲೆಕ್ಕದಲ್ಲಿ ನೋವಿಲ್ಲದ ಹಲ್ಲು ಯಾವಾಗ್ಲೂ ಕೊನೆಗೇ ಬರುತ್ತೆ.

ಸರ್ಕಾರ ಏನೂ ಮಾಡ್ತಾ ಇಲ್ಲ ಅಂತಲ್ಲ. 2014ರಲ್ಲಿ ಶುರುವಾದ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡ್ತಾರೆ, ಆಮೇಲೆ ವಯಸ್ಸಿನ ಮಿತಿ 45ಕ್ಕೆ ಇಳಿಸಿದ್ರು. ಒಳ್ಳೆ ಯೋಜನೆ, ಹಲ್ಲಿಲ್ಲದೆ ಮನೆಮಂದಿ ಮುಂದೆ ಬಾಯಿ ಮುಚ್ಚಿ ನಗ್ತಿದ್ದವರಿಗೆ ಅದರ ಬೆಲೆ ಗೊತ್ತು. ಆದ್ರೆ ನನ್ನ ತಕರಾರು ಇಷ್ಟೆ: ಎಲ್ಲ ಹಲ್ಲು ಹೋದ್ಮೇಲೆ ಸೆಟ್ ಕೊಡೋಕೆ ಒಂದು ಹೆಸರಿಟ್ಟ ಯೋಜನೆ ಇದೆ, ಇರೋ ಹಲ್ಲನ್ನ ಉಳಿಸೋ ಈ ಮೂರು ತಿಂಗಳ ಓಡಾಟಕ್ಕೂ ಅಂಥದ್ದೇ ಒಂದು ಬೇಕು. ಬಿಪಿ, ಶುಗರ್‌ಗೆ ಕಾರ್ಡ್ ಇದೆ, ತಾರೀಖು ಬರೀತಾರೆ, ಮಾತ್ರೆಗೆ ಬರೋಕೆ ಹೇಳ್ತಾರೆ. ವಸಡಿನ ಕಾಯಿಲೆನೂ ಅದೇ ಜಾತಿ, ಗುಣ ಆಗಲ್ಲ, ಹತೋಟಿಯಲ್ಲಿರುತ್ತೆ. ಅದೇ ಕಾರ್ಡಲ್ಲಿ ಒಂದು ಗೆರೆ ಹಲ್ಲಿಗೂ ಇದ್ರೆ ಆಗೋ ಖರ್ಚು ಎಷ್ಟು?

ಸದ್ಯಕ್ಕೆ ಇರೋ ದಾರಿ ಹೇಳ್ತೀನಿ. ತಾಲೂಕು ಆಸ್ಪತ್ರೆಗಳಲ್ಲಿ ದಂತ ವೈದ್ಯರಿರ್ತಾರೆ, ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಮಾಮೂಲಿ ಕ್ಲೀನಿಂಗ್‌ಗೆ ಅಲ್ಲಿ ಹೋಗಬಹುದು. ವಸಡಿನ ಸ್ಪೆಷಲಿಸ್ಟ್, ಸರ್ಜರಿ ಬೇಕು ಅಂದ್ರೆ ಕೆಜಿಎಫ್‌ನಲ್ಲಿ ಡೆಂಟಲ್ ಕಾಲೇಜ್ ಇದೆ, ಬೆಂಗಳೂರಲ್ಲಿ ಕೋಟೆ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜ್ ಇದೆ. ಮಾಲೂರಿನವರಿಗೆ ಟ್ರೈನ್ ಇದ್ದೇ ಇದೆ. ಕಾಲೇಜುಗಳಲ್ಲಿ ಕಾಯಬೇಕಾಗುತ್ತೆ, ಕಲಿಯೋ ಹುಡುಗರು ಕೆಲಸ ಮಾಡ್ತಾರೆ, ಮೇಲೆ ಪ್ರೊಫೆಸರ್ ನೋಡ್ತಾರೆ. ಖರ್ಚು ಖಾಸಗಿಗಿಂತ ಬಹಳ ಕಡಿಮೆ. ದೊಡ್ಡ ಕೆಲಸ ಕಾಲೇಜಲ್ಲಿ ಮಾಡಿಸಿ, ಮೂರು ತಿಂಗಳ ಕ್ಲೀನಿಂಗ್ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮಾಡಿಸೋ ಹಾಗೆ ಚೀಟಿ ಬರೆಸ್ಕೊಂಡು ಬಂದ್ರೆ ಓಡಾಟ ಅರ್ಧ ಉಳಿಯುತ್ತೆ.

"ಹೋದ್ರೆ ಹೋಗ್ಲಿ, ಇಂಪ್ಲಾಂಟ್ ಹಾಕಿಸ್ತೀನಿ" ಅನ್ನೋ ಮಾತು ನಿಮ್ಮ ವಯಸ್ಸಿನವರ ಬಾಯಲ್ಲೇ ಜಾಸ್ತಿ. ಒಂದು ಹಲ್ಲಿಗೆ ಹತ್ತಾರು ಸಾವಿರ ಅನ್ನೋದು ಒಂದು ಕಡೆ. ವಸಡಿನ ಕಾಯಿಲೆ ಇದ್ದವರ ಬಾಯಲ್ಲಿ ಇಂಪ್ಲಾಂಟ್ ಸುತ್ತಲೂ ಅದೇ ಥರ ಮೂಳೆ ಕರಗೋ ಅಪಾಯ ಹೆಚ್ಚು ಅನ್ನೋದು ಇನ್ನೊಂದು ಕಡೆ. ಅದಕ್ಕೂ ಮತ್ತೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಲೇಬೇಕು. ಬಿಟ್ಟ ಓಡಾಟ ಬಾಗಿಲ ಬಳಿ ಬಂದು ನಿಂತಿರುತ್ತೆ.

ನಿಮ್ಮ ಕೆಲಸ ಏನು ಅಂದ್ರೆ, ಅಪ್ಪ ಅಮ್ಮನಿಗೆ ಟ್ರೀಟ್‌ಮೆಂಟ್ ಆದ ದಿನವೇ ಫೋನಲ್ಲಿ ಮೂರು ತಿಂಗಳಿಗೊಂದು ರಿಮೈಂಡರ್ ಹಾಕಿ. ಅವರ ಫೋನಲ್ಲಲ್ಲ, ನಿಮ್ಮದರಲ್ಲಿ. ಹೋದಾಗ ಡಾಕ್ಟರನ್ನ ಕೇಳಿ: "ಆರು ಮಿಲಿಮೀಟರಿಗಿಂತ ಆಳದ ಸಂದಿ ಇನ್ನೂ ಎಷ್ಟು ಉಳಿದಿದೆ ಸಾರ್? ಎಲ್ಲೆಲ್ಲಿ?" ಟ್ರೀಟ್‌ಮೆಂಟ್ ಆದ್ಮೇಲೂ ಆಳ ಉಳಿದ ಜಾಗದಲ್ಲೇ ಮುಂದೆ ಹಲ್ಲು ಹೋಗೋದು ಜಾಸ್ತಿ. ಆ ಹಲ್ಲು ಯಾವುದು ಅಂತ ಮನೆಯಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕು. ಹಲ್ಲಿನ ಸಂದಿಗೆ ಹಾಕೋ ಬಾಟಲ್ ಬ್ರಷ್ ಥರದ ಸಣ್ಣ ಬ್ರಷ್ ಸಿಗುತ್ತೆ, ಯಾವ ಸೈಜು ಅಂತ ಡಾಕ್ಟರೇ ಹೇಳ್ತಾರೆ. ಸಂದಿ ದೊಡ್ಡದಾಗಿರೋರಿಗೆ ಮಾಮೂಲಿ ಬ್ರಷ್ ಒಂದೇ ಸಾಲದು.

ಇನ್ನೊಂದು, ಇದು ನಿಮ್ಮ ಬಾಯಿಗೆ ಸಂಬಂಧಪಟ್ಟದ್ದು. ಈ ಕಾಯಿಲೆ ಕೆಲವರಿಗೆ ಹದಿನೈದು, ಇಪ್ಪತ್ತರಲ್ಲೇ ಶುರುವಾಗುತ್ತೆ, ಮೊದಲು ಮುಂದಿನ ಹಲ್ಲು ಮತ್ತು ಆರು ವರ್ಷಕ್ಕೆ ಬರೋ ಮೊದಲ ದವಡೆ ಹಲ್ಲಿಗೆ. ಪಾಚಿ ಹೆಚ್ಚಿರೋದೂ ಇಲ್ಲ, ನೋಡೋಕೆ ಬಾಯಿ ಶುಭ್ರ. ಮುಂದಿನ ಹಲ್ಲುಗಳ ಮಧ್ಯೆ ಮೊದಲಿಲ್ಲದ ಸಂದಿ ಈಗ ಕಾಣ್ತಾ ಇದೆ, ಹಳೇ ಸೆಲ್ಫಿಗೂ ಈಗಿನದ್ದಕ್ಕೂ ವ್ಯತ್ಯಾಸ ಇದೆ ಅಂದ್ರೆ ಎಕ್ಸ್‌ರೇ ತೆಗೆಸಿ. ಇದು ಕುಟುಂಬದಲ್ಲಿ ಬರೋದುಂಟು. ಅಪ್ಪನಿಗೋ ಅಮ್ಮನಿಗೋ ನಲವತ್ತರೊಳಗೆ ಹಲ್ಲು ಅಲ್ಲಾಡಿ ಹೋಗಿದ್ರೆ, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರೂ ಒಂದು ಸಲ ತೋರಿಸ್ಕೊಳ್ಳಿ.

ಫ್ಲೋರೋಸಿಸ್ ಕಲೆಗೆ ಏನು ಮಾಡಬಹುದು, ಏನು ಮಾಡಬಾರದು ಅಂತ ಕೇಳೋರು ಜಾಸ್ತಿ ಇದ್ದಾರೆ. ಅದನ್ನ ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.